ನಿಮ್ಮ ತಕ್ಕಡಿ ಎಷ್ಟು ತಪ್ಪು ಹೇಳುತ್ತದೆ?

ಸಂಡೂರಿನಲ್ಲಿ ತೂಕಕ್ಕೆ ಹೋಗದ ವಸ್ತುವೇ ಇಲ್ಲ ಎನ್ನಬಹುದು. ಬೆಟ್ಟ ಅಗೆದು ತಂದ ಕಬ್ಬಿಣದ ಅದಿರು ಲಾರಿಯ ಸಮೇತ ವೇಬ್ರಿಡ್ಜ್ ಹತ್ತುತ್ತದೆ. ಸಂತೆಯ ಟೊಮ್ಯಾಟೊ, ನ್ಯಾಯಬೆಲೆ ಅಂಗಡಿಯ ಅಕ್ಕಿ, ಅಕ್ಕಸಾಲಿಗರಲ್ಲಿ ಮಾಡಿಸಿದ ಮೂಗುತಿ ಎಲ್ಲಕ್ಕೂ ತಕ್ಕಡಿ ಬೇಕು. ಅಂಗನವಾಡಿಗೆ ಹೋಗುವ ನಮ್ಮ ಕಂದಮ್ಮಗಳೂ ತಿಂಗಳಿಗೊಮ್ಮೆ ತಕ್ಕಡಿ ಏರುತ್ತಾರೆ.

"ತೂಕ ಸರಿ ಐತೇನಪ್ಪಾ?" ಎಂದು ಕೇಳುವುದು ನಮಗೆಲ್ಲ ರೂಢಿ. "ಕಂಪ್ಯೂಟರ್ ತಕ್ಕಡಿ ಅಕ್ಕಾ, ತಪ್ಪಾಗಂಗಿಲ್ಲ" ಎನ್ನುತ್ತಾನೆ ಅಂಗಡಿಯವ. ಹೊಳೆಯುವ ಕೆಂಪು ಅಂಕಿ ನೋಡಿ ನಾವೂ ಸುಮ್ಮನಾಗುತ್ತೇವೆ. ಆದರೆ ಅಳತೆಯ ಶಾಸ್ತ್ರ ಬಲ್ಲವರು ಹೇಳುವುದೇ ಬೇರೆ. ತಪ್ಪೇ ಇಲ್ಲದ ಅಳತೆಯ ಸಾಧನ ಈ ಲೋಕದಲ್ಲಿ ಇಲ್ಲವಂತೆ! ಎಷ್ಟು ತಪ್ಪುತ್ತದೆ ಎಂದು ಗೊತ್ತಿರುವ ಸಾಧನಗಳು, ಗೊತ್ತಿಲ್ಲದ ಸಾಧನಗಳು ಎಂದು ಎರಡೇ ಜಾತಿ. ನಂಬಬೇಕಾದದ್ದು ಮೊದಲನೆಯದನ್ನು.

ಈ ಮಾತು ಹೊಸದೆನಿಸಿದರೂ ಇದರ ಬಳಕೆ ನಮ್ಮ ಮನೆಗಳಲ್ಲಿ ಹಳೆಯದೇ. ಅನೇಕ ಮನೆಗಳ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಇರುತ್ತದೆ. ಅದು ಮನೆಮಂದಿಗೆಲ್ಲ ಗೊತ್ತು. ಎಂಟೂ ಹತ್ತು ತೋರಿಸಿದರೆ ಎಂಟು ಗಂಟೆ ಎಂದುಕೊಂಡು ಮಕ್ಕಳನ್ನು ಶಾಲೆಗೆ ಹೊರಡಿಸುತ್ತೇವೆ. ಗಡಿಯಾರ ತಪ್ಪು, ಆದರೆ ಹೊತ್ತು ತಪ್ಪುವುದಿಲ್ಲ. ಗೊತ್ತಿರುವ ಸರಿಯಾದ ಅಳತೆಯ ಜೊತೆ ಹೋಲಿಸಿ, ಸಾಧನದ ತಪ್ಪು ಎಷ್ಟೆಂದು ಕಂಡುಹಿಡಿದು ಬರೆದಿಡುವುದಕ್ಕೆ ಮಾಪನಾಂಕ ನಿರ್ಣಯ ಎಂದು ಹೆಸರು. ಕಾರ್ಖಾನೆಯವರು ಕ್ಯಾಲಿಬ್ರೇಶನ್ ಎನ್ನುತ್ತಾರೆ. ಇದು ರಿಪೇರಿಯಲ್ಲ ಎಂಬುದನ್ನು ನೆನಪಿಡಿ. ಮೊದಲು ತಪ್ಪನ್ನು ತಿಳಿಯುವುದು, ಆಮೇಲೆ ಅದನ್ನು ಕಳೆಯುವುದೋ ಕೂಡಿಸುವುದೋ, ಅಷ್ಟೇ.

ಬಿಸಿಲಿಗೆ ಬೆಳೆಯುವ ಸರಪಳಿ

ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ಸುಮಾರು 12 ಕಿಲೋಮೀಟರ್ ಉದ್ದದ ನೇರ ಗೆರೆಯೊಂದನ್ನು ಅಳೆದ. ಮುಂದೆ ಇಡೀ ಭಾರತದ ನಕ್ಷೆಗೆ ತಳಹದಿಯಾದ ಭೂಮಾಪನ ಕೆಲಸಕ್ಕೆ ಅದು ಮುನ್ನುಡಿ. ಅವನ ಕೈಯಲ್ಲಿದ್ದದ್ದು 100 ಅಡಿ ಉದ್ದದ ಉಕ್ಕಿನ ಸರಪಳಿ. ಅದನ್ನು ನೆಲದ ಮೇಲೆ ಎಳೆದಾಡದೆ, ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರುಗಳನ್ನು ಇಟ್ಟು ಅಳೆಯುತ್ತಿದ್ದ.

ಸರಪಳಿಗೂ ಜ್ವರ ನೋಡುವುದೇ ಎಂದು ನಗಬೇಡಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು 20 ಡಿಗ್ರಿ ಹೆಚ್ಚು ಕಾದರೆ ಸುಮಾರು ಕಾಲು ಮಿಲಿಮೀಟರ್ ಬೆಳೆಯುತ್ತದೆ. ಅಷ್ಟು ಚೂರು ಯಾವ ಲೆಕ್ಕ ಎನ್ನುವಿರಾ? 12 ಕಿಲೋಮೀಟರಿಗೆ ಗುಣಿಸಿ ನೋಡಿ, ಎರಡೂವರೆ ಮೀಟರಿಗೂ ಹೆಚ್ಚಾಯಿತು! ಲ್ಯಾಂಬ್ಟನ್ನನಿಗೆ ಬಿಸಿಲನ್ನು ತಡೆಯಲು ಆಗುತ್ತಿರಲಿಲ್ಲ. ಆದರೆ ಎಷ್ಟು ಬಿಸಿ ಎಂದು ಬರೆದುಕೊಂಡು, ಸರಪಳಿ ಎಷ್ಟು ಹಿಗ್ಗಿರಬೇಕೆಂದು ಲೆಕ್ಕ ಹಾಕಿ, ಉತ್ತರವನ್ನು ತಿದ್ದಿದ.

ಹೆಂಡತಿಯ ಹೊಲಿಗೆ ಮಿಷನ್ನು ಮಾಡಿದ ಉಪಕಾರ

ಹೋಲಿಸಿ ನೋಡಬೇಕೆಂದರೆ ಸರಿಯಾದ ಅಳತೆಯೊಂದು ಕೈಯಲ್ಲಿರಬೇಕಲ್ಲ? ಅದರ ಕಥೆಯಲ್ಲಿ ಒಬ್ಬ ಗೃಹಿಣಿಯ ಪಾಲೂ ಇದೆ. ಸ್ವೀಡನ್ ದೇಶದ ಬಂದೂಕು ಕಾರ್ಖಾನೆಯಲ್ಲಿದ್ದ ಯೊಹಾನ್ಸನ್ ಎಂಬಾತನಿಗೆ 1896ರಲ್ಲಿ ಒಂದು ವಿಚಾರ ಹೊಳೆಯಿತು. ಬೇರೆ ಬೇರೆ ದಪ್ಪದ ಉಕ್ಕಿನ ಬಿಲ್ಲೆಗಳ ಒಂದು ಸೆಟ್ಟು ಮಾಡಿಟ್ಟುಕೊಂಡರೆ, ಅವನ್ನು ಒಂದರ ಮೇಲೊಂದು ಜೋಡಿಸಿ ಬೇಕಾದ ಅಳತೆ ಪಡೆಯಬಹುದು ಎಂಬುದು ಆ ವಿಚಾರ. ಬಿಲ್ಲೆಗಳನ್ನು ಉಜ್ಜಿ ನುಣುಪು ಮಾಡಲು ಅವನು ಹೆಂಡತಿಯ ಹೊಲಿಗೆ ಮಿಷನ್ನನ್ನೇ ಸಾಣೆಯ ಯಂತ್ರವಾಗಿ ಮಾರ್ಪಡಿಸಿದನಂತೆ! ಆ ಬಿಲ್ಲೆಗಳು ಎಷ್ಟು ನುಣುಪೆಂದರೆ ಒಂದಕ್ಕೊಂದು ಒತ್ತಿ ಸರಿಸಿದರೆ ಅಂಟು ಹಾಕಿದಂತೆ ಹಿಡಿದುಕೊಳ್ಳುತ್ತವೆ. ಗೇಜ್ ಬ್ಲಾಕ್ ಎಂದು ಕರೆಸಿಕೊಳ್ಳುವ ಅವು ಇಂದಿಗೂ ಪ್ರಪಂಚದ ಕಾರ್ಖಾನೆಗಳಲ್ಲಿ ಅಳತೆಯ ಸಾಕ್ಷಿಗಳು.

ಬೆಂಗಳೂರಿನ ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆಯುವುದಕ್ಕೆಂದೇ ಒಂದು ಯಂತ್ರವಿರುತ್ತದೆ. ನುಣುಪಾದ ಕಲ್ಲಿನ ಮೇಜು, ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೇಲಕ್ಕೆ ಕೆಳಕ್ಕೆ ಓಡಾಡುವ ತೋಳು, ತುದಿಯಲ್ಲಿ ಪುಟ್ಟ ಮಾಣಿಕ್ಯದ ಗುಂಡು. ಆ ಗುಂಡು ವಸ್ತುವನ್ನು ಮುಟ್ಟಿದಲ್ಲೆಲ್ಲ ಅದರ ಅಳತೆ ಕಂಪ್ಯೂಟರಿಗೆ ಹೋಗುತ್ತದೆ. ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲನ್ನೂ ಗುರುತಿಸಬಲ್ಲಷ್ಟು ಸೂಕ್ಷ್ಮ.

ಇಂಥ ಯಂತ್ರವೂ ತಪ್ಪುತ್ತದೆಯೇ? ತಪ್ಪುತ್ತದೆ. ಮನೆಯ ಬೀರುವಿನ ಡ್ರಾಯರ್ ಎಳೆದು ನೋಡಿ. ಅದು ಮುಂದೆ ಬರುವಾಗ ಕೊಂಚ ಪಕ್ಕಕ್ಕೆ ಸರಿಯುತ್ತದೆ, ಕೊಂಚ ಮೂತಿ ತಗ್ಗಿಸುತ್ತದೆ, ಕೊಂಚ ವಾಲುತ್ತದೆ. ಹಾಗೆಯೇ ಆ ಯಂತ್ರದ ತೋಳೂ ಮೂರು ದಿಕ್ಕಿನಲ್ಲಿ ಒಂದೊಂದು ದಿಕ್ಕಿಗೆ ಆರು ಬಗೆಯಲ್ಲಿ ತಪ್ಪುತ್ತದೆ. ಅಲ್ಲಿಗೆ ಹದಿನೆಂಟಾಯಿತು. ಮೂರು ದಿಕ್ಕುಗಳು ಒಂದಕ್ಕೊಂದು ಸರಿಯಾದ ಮೂಲೆಮಟ್ಟಕ್ಕೆ ಇಲ್ಲದಿರುವ ಮೂರು ತಪ್ಪು ಬೇರೆ. ಒಟ್ಟು ಇಪ್ಪತ್ತೊಂದು! ತಂತ್ರಜ್ಞರು ಈ ಇಪ್ಪತ್ತೊಂದನ್ನೂ ಗೇಜ್ ಬ್ಲಾಕಿನಿಂದ, ಲೇಸರ್ ಕಿರಣದಿಂದ ಅಳೆದು ಕಂಪ್ಯೂಟರಿಗೆ ಕೊಡುತ್ತಾರೆ. ಆಮೇಲೆ ಯಂತ್ರ ಏನನ್ನೇ ಅಳೆಯಲಿ, ಕಂಪ್ಯೂಟರು ಆ ಜಾಗದ ತಪ್ಪನ್ನು ಕಳೆದೇ ಉತ್ತರ ಹೇಳುತ್ತದೆ. ಕೋಣೆಯನ್ನು ವರ್ಷವಿಡೀ 20 ಡಿಗ್ರಿಯಲ್ಲೇ ಇಡುತ್ತಾರೆ. ಬೆಂಗಳೂರಿನಲ್ಲಿ 1962ರಲ್ಲಿ ಶುರುವಾದ ಸಿ.ಎಂ.ಟಿ.ಐ. ಸಂಸ್ಥೆ ಇಂಥ ಸೂಕ್ಷ್ಮ ಅಳತೆಯ ಕೆಲಸಕ್ಕೆ ಹೆಸರಾದದ್ದು. ಕೋಟಿ ಬೆಲೆಯ ಯಂತ್ರ ತನ್ನ ತಪ್ಪಿನ ಪಟ್ಟಿ ಇಟ್ಟುಕೊಂಡು ಓಡಾಡುವಾಗ, ಅಂಗಡಿಯ ತಕ್ಕಡಿ ತಾನು ತಪ್ಪುವುದೇ ಇಲ್ಲ ಎಂದರೆ ಒಪ್ಪುವುದು ಹೇಗೆ?

ದೆಹಲಿಯ ಕಿಲೋ ಸಂಡೂರಿಗೆ ಬಂದಾಗ

ಸೇರು, ಪಾವು, ತೊಲ, ಮಣಗಳ ಕಾಲದಲ್ಲಿ ಊರಿಗೊಂದು ಸೇರಿತ್ತು. 1958ರಿಂದ ದೇಶದಲ್ಲಿ ಕಿಲೋ, ಮೀಟರ್ ಹಂತಹಂತವಾಗಿ ಬಂದವು. ಈ ಕಿಲೋದ ತಾಯಿ ಎಂದರೆ ಪ್ಯಾರಿಸ್ಸಿನ ಬಳಿ 1889ರಿಂದ ಜೋಪಾನವಾಗಿಟ್ಟಿದ್ದ ಲೋಹದ ಒಂದು ತುಂಡು. ಅದರ ನಕಲುಗಳಲ್ಲಿ 57ನೆಯದು ನಮ್ಮ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ವರ್ಷಗಳು ಕಳೆದಂತೆ ತಾಯಿಗೂ ನಕಲುಗಳಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಿಸಿತು. ಅದಕ್ಕೇ 2019ರ ಮೇ 20ರಿಂದ ಲೋಹದ ತುಂಡನ್ನು ಬಿಟ್ಟು, ಎಂದೂ ಬದಲಾಗದ ಪ್ರಕೃತಿಯ ಅಂಕಿಯೊಂದರ ಮೇಲೆ ಕಿಲೋವನ್ನು ನಿಲ್ಲಿಸಿದ್ದಾರೆ.

ದೆಹಲಿಯಿಂದ ಬೆಂಗಳೂರಿನ ಪ್ರಾದೇಶಿಕ ಪ್ರಯೋಗಾಲಯಕ್ಕೆ, ಅಲ್ಲಿಂದ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಇಲಾಖೆಯ ಅಧಿಕಾರಿಯ ಪೆಟ್ಟಿಗೆಯ ಬಟ್ಟುಗಳಿಗೆ, ಕೊನೆಗೆ ನಮ್ಮೂರ ಅಂಗಡಿಗೆ ಹೀಗೆ ಕೈಯಿಂದ ಕೈಗೆ ಕಿಲೋ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಹೋಲಿಸಿ ಮುದ್ರೆ ಒತ್ತುತ್ತಾರೆ. 2011ರ ನಿಯಮಗಳ ಪ್ರಕಾರ ಕಬ್ಬಿಣದ ಬಟ್ಟು, ಎರಡು ತಟ್ಟೆಯ ತಕ್ಕಡಿಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ಇಡಬೇಕು.

ಎಲೆಕ್ಟ್ರಾನಿಕ್ ತಕ್ಕಡಿಗೆ ಹೆಚ್ಚು ಜಾಗ್ರತೆ ಬೇಕಾದದ್ದಕ್ಕೆ ಒಂದು ಸ್ವಾರಸ್ಯದ ಕಾರಣವಿದೆ. ಎರಡು ತಟ್ಟೆಯ ತಕ್ಕಡಿ ವಸ್ತುವನ್ನು ಬಟ್ಟಿನ ಜೊತೆ ಹೋಲಿಸುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯಾದರೋ ಭೂಮಿ ಆ ವಸ್ತುವನ್ನು ಎಷ್ಟು ಬಲವಾಗಿ ಎಳೆಯುತ್ತದೆ ಎಂದು ನೋಡಿ ಅಂಕಿ ಹೇಳುತ್ತದೆ. ಭೂಮಿಯ ಸೆಳೆತ ಎಲ್ಲ ಊರಲ್ಲೂ ಒಂದೇ ಸಮ ಇಲ್ಲ. ದೆಹಲಿಗಿಂತ ದಕ್ಷಿಣಕ್ಕೂ ಎತ್ತರಕ್ಕೂ ಇರುವ ಸಂಡೂರಿನಲ್ಲಿ ಅದು ತುಸು ಕಡಿಮೆ. ಹಾಗಾಗಿ ದೆಹಲಿಯಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ಹಾಗೇ ಇಲ್ಲಿಗೆ ತಂದು ಒಂದು ಕಿಲೋ ಬಟ್ಟು ಇಟ್ಟರೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಸೊಪ್ಪಿಗೆ ಇದು ಲೆಕ್ಕವಲ್ಲ. ಬಂಗಾರಕ್ಕೆ ಲೆಕ್ಕವೇ! ಯಂತ್ರವನ್ನು ಬಳಸುವ ಊರಿನಲ್ಲೇ ಪರೀಕ್ಷೆ ಮಾಡಿಸಬೇಕು ಎನ್ನುವುದು ಇದಕ್ಕೇ.

ಅದಿರಿನ ಲಾರಿಯದೂ ಇದೇ ಮಾತು. ಖಾಲಿ ಲಾರಿ ತೂಗಿ, ತುಂಬಿದ ಲಾರಿ ತೂಗಿ, ಕಳೆದದ್ದು ಅದಿರು. ಮೂವತ್ತು ಟನ್ನಿಗೆ ನೂರಕ್ಕೆ ಒಂದು ಪಾಲು ತಪ್ಪಿದರೂ ಮುನ್ನೂರು ಕಿಲೋ! ಮಳೆಗಾಲದಲ್ಲಿ ಅದಿರಿನ ಜೊತೆ ನೀರೂ ತೂಗುತ್ತದೆ. ಅದಕ್ಕೆ ಒಂದಿಷ್ಟು ಅದಿರನ್ನು ಒಣಗಿಸಿ ನೋಡಿ, ನೀರಿನ ಪಾಲು ಕಳೆದು ಲೆಕ್ಕ ಹಿಡಿಯುವ ಪದ್ಧತಿಯಿದೆ. ಒದ್ದೆ ಸೊಪ್ಪು ಕೊಳ್ಳುವಾಗ "ನೀರು ಝಾಡಿಸಿ ಹಾಕಪ್ಪಾ" ಎನ್ನುವ ನಮ್ಮ ಜಾಣತನವೂ ಇದೇ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಮಿತಿಮೀರಿ ಅದಿರು ತುಂಬಿದ ಲಾರಿಗಳು ಓಡಾಡಿದ್ದನ್ನು ಈ ಸೀಮೆಯ ಜನ ಕಣ್ಣಾರೆ ಕಂಡವರು. ಅದು ಯಂತ್ರದ ತಪ್ಪಲ್ಲ, ಮನುಷ್ಯರದು. ಆದರೆ ಯಂತ್ರದ ತಪ್ಪು ಎಷ್ಟೆಂದು ಮೊದಲೇ ಗೊತ್ತಿಲ್ಲದಿದ್ದರೆ ಮನುಷ್ಯರ ತಪ್ಪನ್ನು ಹಿಡಿಯುವುದಾದರೂ ಹೇಗೆ?

ಮಗುವಿನ ತೂಕದಲ್ಲಿ ನಾನೂರು ಗ್ರಾಂ

ಟೊಮ್ಯಾಟೊದಲ್ಲಿ ಮೋಸವಾದರೆ ಎರಡು ರೂಪಾಯಿ ಹೋಯಿತು. ಮಗುವಿನ ತೂಕ ತಪ್ಪಿದರೆ? ತಾಯಂದಿರು ಇಲ್ಲಿ ಗಮನ ಕೊಡಬೇಕು.

ಒಂದು ವರ್ಷ ತುಂಬಿದ ಹೆಣ್ಣುಮಗುವಿನ ತೂಕ ಸಾಧಾರಣವಾಗಿ 8.9 ಕಿಲೋ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಹೇಳುತ್ತದೆ. 7 ಕಿಲೋಗಿಂತ ಕಡಿಮೆಯಾದರೆ ಕಡಿಮೆ ತೂಕದ ಮಗು. 6.3 ಕಿಲೋಗಿಂತ ಕೆಳಗಿಳಿದರೆ ತೀರಾ ಕಡಿಮೆ ತೂಕದ ಮಗು. ಎರಡರ ನಡುವೆ ಇರುವುದು ಬರೀ 700 ಗ್ರಾಂ. ಈಗ ತಕ್ಕಡಿ 400 ಗ್ರಾಂ ಹೆಚ್ಚು ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ನಿಜವಾಗಿ 6.8 ಕಿಲೋ ಇರುವ ಕೂಸು 7.2 ಎಂದು ಕಾರ್ಡಿನ ಹಸಿರು ಪಟ್ಟಿಯಲ್ಲಿ ಕೂರುತ್ತದೆ. "ಮಗು ಚೆನ್ನಾಗೈತೆ" ಎಂದು ತಾಯಿ ಸಮಾಧಾನದಿಂದ ಮನೆಗೆ ಹೋಗುತ್ತಾಳೆ. ಆ ಮಗುವಿಗೆ ಸಿಗಬೇಕಾದ ಆರೈಕೆ ಸಿಗದೆ ತಿಂಗಳುಗಳು ಉರುಳುತ್ತವೆ.

ಕಾಲ್ಗಡಗ, ಉಡಿದಾರ, ಉಣ್ಣೆಯ ಅಂಗಿ, ಒದ್ದೆ ಚಡ್ಡಿ ಸೇರಿದರೆ ನೂರಾರು ಗ್ರಾಂ ಸುಲಭವಾಗಿ ಕೂಡಿಕೊಳ್ಳುತ್ತದೆ. ಅವನ್ನೆಲ್ಲ ತೆಗೆದು ತೂಗಿಸಿ. ತೊಟ್ಟಿಲ ಬಟ್ಟೆ ಹಾಸುವುದಾದರೆ ಬಟ್ಟೆಯ ಸಮೇತ ಸೊನ್ನೆ ಮಾಡಿ ಆಮೇಲೆ ಮಗುವನ್ನು ಮಲಗಿಸಿ. 2018ರಲ್ಲಿ ಪೋಷಣ್ ಅಭಿಯಾನ ಬಂದ ಮೇಲೆ ಅಂಗನವಾಡಿಗಳಿಗೆ ಕೂಸಿನ ತಕ್ಕಡಿ, ಉದ್ದ ಅಳೆಯುವ ಹಲಗೆ ಎಲ್ಲ ಬಂದಿವೆ. ಬಂದದ್ದನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕಷ್ಟೇ.

ಅದಕ್ಕೆ ದುಡ್ಡು ಖರ್ಚಾಗದ ಉಪಾಯವೊಂದಿದೆ. ಅಡುಗೆಮನೆಯ ಕಬ್ಬಿಣದ ಕುಟ್ಟಾಣಿಯನ್ನು ಮುದ್ರೆ ಇರುವ ಒಳ್ಳೆಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಬಂದ ತೂಕವನ್ನು ಅದರ ಮೇಲೇ ಬಣ್ಣದಲ್ಲಿ ಬರೆಯಿರಿ. ಮರದ್ದು ಬೇಡ, ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ. ತುಕ್ಕು ಹಿಡಿಯದಂತೆ ಒಣಗಿಸಿ ಇಡಿ. ಪ್ರತಿ ತಿಂಗಳು ಮಕ್ಕಳಿಗಿಂತ ಮೊದಲು ಕುಟ್ಟಾಣಿ ತಕ್ಕಡಿ ಏರಲಿ. ಹೋದ ತಿಂಗಳ ಅಂಕಿಯೇ ಬಂದರೆ ಸರಿ, ಬಾರದಿದ್ದರೆ ತಕ್ಕಡಿ ಕೈಕೊಡುತ್ತಿದೆ. ದೊಡ್ಡ ಪ್ರಯೋಗಾಲಯಗಳಲ್ಲೂ ಇಂಥ ಸಾಕ್ಷಿ ಬಟ್ಟು ಇಟ್ಟುಕೊಳ್ಳುವುದುಂಟು. ಅಂಗನವಾಡಿಯ ಟೀಚರಮ್ಮನ ಜೊತೆ ತಾಯಂದಿರು ಕೂಡಿ ಇದನ್ನು ಮಾಡಬಹುದಲ್ಲವೇ?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

1. ಸೊನ್ನೆ ಪರೀಕ್ಷೆ: ಏನೂ ಇಡದಾಗ ಸೊನ್ನೆ ತೋರಿಸಬೇಕು. ಅಂಗಡಿಯಲ್ಲೂ "ಮೊದಲು ಸೊನ್ನೆ ತೋರಿಸ್ರಿ" ಎಂದು ಕೇಳಲು ಸಂಕೋಚ ಬೇಡ. ಫ್ಯಾನಿನ ಗಾಳಿ, ತಟ್ಟೆಯ ಕೆಳಗಿನ ಕೆಂಪು ದೂಳು, ಓರೆಯಾದ ಮೇಜು ಇವೂ ಸೊನ್ನೆ ಕೆಡಿಸುತ್ತವೆ.

2. ಮೂಲೆ ಪರೀಕ್ಷೆ: ಒಂದೇ ವಸ್ತುವನ್ನು ತಟ್ಟೆಯ ನಡುವೆ, ಆಮೇಲೆ ನಾಲ್ಕು ಮೂಲೆಗೆ ಇಟ್ಟು ನೋಡಿ. ಮೂಲೆಗೊಂದು ಅಂಕಿ ಬಂದರೆ, ಮುಂದೆ ನಡುವೆಯೇ ಇಟ್ಟು ತೂಗಿ.

3. ಮತ್ತೆ ಮತ್ತೆ ಪರೀಕ್ಷೆ: ಒಂದೇ ವಸ್ತುವನ್ನು ಐದು ಸಲ ತೂಗಿ. ಪ್ರತಿ ಸಲವೂ 20 ಗ್ರಾಂ ಹೆಚ್ಚು ಎಂದು ಒಂದೇ ಸಮ ಬಂದರೆ ಚಿಂತೆಯಿಲ್ಲ, ಕಳೆದರಾಯಿತು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಎಂದು ಮನಬಂದಂತೆ ಕುಣಿದರೆ ಅದನ್ನು ತಿದ್ದಲು ಬರುವುದಿಲ್ಲ. ಬ್ಯಾಟರಿ ಬದಲಿಸಿ ನೋಡಿ, ಆಗಲೂ ಕುಣಿದರೆ ಬಿಟ್ಟುಬಿಡಿ.

4. ಗೊತ್ತಿರುವ ತೂಕ: 20 ರೂಪಾಯಿಯ ನಾಣ್ಯ 8.54 ಗ್ರಾಂ ಇರುತ್ತದೆ. ಸವೆಯದ ಹತ್ತು ನಾಣ್ಯ ಇಟ್ಟರೆ 85 ಗ್ರಾಂ ಆಸುಪಾಸು ಬರಬೇಕು. ಹೆಚ್ಚಿನ ತೂಕಕ್ಕೆ ಮುದ್ರೆಯ ಬಟ್ಟೇ ಆಗಬೇಕು. ಅರ್ಧ ಕಿಲೋಗೆ 10 ಗ್ರಾಂ, ಒಂದು ಕಿಲೋಗೆ 20 ಗ್ರಾಂ ಎಂದು ತಪ್ಪು ತೂಕದ ಜೊತೆ ಬೆಳೆಯುತ್ತಿದ್ದರೆ, ಕಳೆಯುವಾಗಲೂ ಅದೇ ಪ್ರಮಾಣದಲ್ಲಿ ಕಳೆಯಬೇಕು.

5. ಕಳ್ಳ ತಕ್ಕಡಿಯಲ್ಲಿ ಸಾಚಾ ತೂಕ: ಎರಡು ತಟ್ಟೆಯ ತಕ್ಕಡಿಯಲ್ಲಿ ಕಡ್ಡಿಯ ಒಂದು ಕೈ ಉದ್ದ, ಒಂದು ಕೈ ಗಿಡ್ಡ ಇದ್ದರೂ ಸರಿಯಾದ ತೂಕ ಪಡೆಯಬಹುದು! ಎಡ ತಟ್ಟೆಗೆ ವಸ್ತು ಹಾಕಿ, ಬಲ ತಟ್ಟೆಗೆ ಮರಳು ಸುರಿದು ಸಮ ಮಾಡಿ. ಮರಳು ಹಾಗೇ ಇರಲಿ. ವಸ್ತು ತೆಗೆದು ಅದೇ ಎಡ ತಟ್ಟೆಗೆ ಬಟ್ಟುಗಳನ್ನು ಹಾಕುತ್ತ ಮತ್ತೆ ಸಮ ಮಾಡಿ. ಹಾಕಿದ ಬಟ್ಟುಗಳೇ ವಸ್ತುವಿನ ನಿಜವಾದ ತೂಕ. ವಸ್ತುವೂ ಬಟ್ಟೂ ಒಂದೇ ತಟ್ಟೆಯಲ್ಲಿ ತೂಗಿದ್ದರಿಂದ ತಕ್ಕಡಿಯ ಮೋಸ ಎರಡಕ್ಕೂ ಸಮವಾಗಿ ತಟ್ಟಿ ಹೊಡೆದುಹೋಯಿತು. ಇದು ಫ್ರಾನ್ಸಿನ ಬೋರ್ಡಾ ಎಂಬ ವಿಜ್ಞಾನಿಯ ಹೆಸರಿನ ವಿಧಾನ.

6. ಇಂಚು ಟೇಪು: ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗುತ್ತದೆ. ಸಂಡೂರಿನ ಲಂಬಾಣಿ ಕಸೂತಿಯಂಥ ಕೆಲಸಕ್ಕೆ ಕೈಹಾಕಿದವರು, ಬ್ಲೌಸು ಹೊಲಿಯುವವರು ವರ್ಷಕ್ಕೊಮ್ಮೆಯಾದರೂ ಉಕ್ಕಿನ ಅಳತೆಪಟ್ಟಿಯ ಪಕ್ಕ ಹಿಡಿದು ನೋಡಿ. ಟೇಪು ಅಗ್ಗ, ಹಾಳಾದ ಬಟ್ಟೆ ದುಬಾರಿ.

ಬಿ.ಪಿ. ಮಿಷನ್ನಿನ ಬಗ್ಗೆ ಎರಡು ಮಾತು

ಅತ್ತೆ ಮಾವಂದಿರಿಗೆಂದು ಮನೆಯಲ್ಲಿ ಬಿ.ಪಿ. ಮಿಷನ್ನು ಇಟ್ಟುಕೊಂಡವರು ಬಹಳ. ತೋಳಿನ ಪಟ್ಟಿ ಚಿಕ್ಕದಾದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ನೋಡಬೇಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನಿಮ್ಮ ಮಿಷನ್ನನ್ನೂ ಒಯ್ಯಿರಿ. ಅವರದರಲ್ಲಿ ಒಮ್ಮೆ, ನಿಮ್ಮದರಲ್ಲಿ ಒಮ್ಮೆ, ಹೀಗೆ ಎರಡು ಮೂರು ಸಲ ನೋಡಿಸಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಮಿಷನ್ನಿನ ಡಬ್ಬಿಗೇ ಅಂಟಿಸಿ. ಸಕ್ಕರೆ ನೋಡುವ ಪುಟ್ಟ ಯಂತ್ರಕ್ಕೂ ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆಯನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪಿದೆ. ಹಾಗಾಗಿ ಇವತ್ತು 150, ನಾಳೆ 160 ಎಂದು ಗಾಬರಿ ಬೇಡ. ಒಂದು ಅಂಕಿ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುವುದಂತೂ ಖಂಡಿತ ಕೂಡದು. ಅದು ಡಾಕ್ಟರ ಕೆಲಸ.

ಅಂಗಡಿಯ ತೂಕದಲ್ಲಿ ಅನುಮಾನ ಬಂದರೆ ಜಗಳಕ್ಕೆ ನಿಲ್ಲುವ ಮೊದಲು ಮುದ್ರೆ, ಪ್ರಮಾಣಪತ್ರ ತೋರಿಸಲು ಹೇಳಿ. ಗ್ಯಾಸ್ ಸಿಲಿಂಡರ್ ಬಂದಾಗ ತೂಗಿ ತೋರಿಸಿರೆಂದು ಕೇಳಿ. ಗ್ಯಾಸಿನ 14.2 ಕಿಲೋಗೆ ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕ ಕೂಡಿಸಿದರೆ ಸರಿಹೋಗಬೇಕು. ಆಗಲೂ ಸಮಾಧಾನವಾಗದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಿರಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ.

ಅಂಗಡಿಯವನೂ ಅನೇಕ ಸಲ ಬೇಕೆಂದೇ ಮೋಸ ಮಾಡಿರುವುದಿಲ್ಲ. ತನ್ನ ತಕ್ಕಡಿ ಎಷ್ಟು ತಪ್ಪುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ. ನಾವು ನಯವಾಗಿ ಕೇಳಿದರೆ ಅವನೂ ನೋಡಿಕೊಳ್ಳುತ್ತಾನೆ. ಈ ಭಾನುವಾರ ಬಿಡುವಾದಾಗ ಮಕ್ಕಳನ್ನು ಕೂರಿಸಿಕೊಂಡು ಮನೆಯ ತಕ್ಕಡಿಗೆ ಮೂಲೆ ಪರೀಕ್ಷೆ ಮಾಡಿ. ಬಂದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ತಕ್ಕಡಿಗೇ ಅಂಟಿಸಿಬಿಡಿ.